ಮೂರು ಎಣಿಸುವಷ್ಟು ಹೊತ್ತು

ರಾತ್ರಿ ವಿಡಿಯೊ ಕರೆ. ಆ ಕಡೆ ಕೆಲಸಕ್ಕೆ ಸೇರಿ ಎರಡು ತಿಂಗಳಾದ ಮೇಡಂ. ಒಂದೇ ಕೊಠಡಿಯಲ್ಲಿ ಮೂರು ತರಗತಿ ಸಂಭಾಳಿಸುವವರು. "ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ ಸರ್" ಎಂದರು. ಅವರ ಪಾಠದ ಧ್ವನಿಮುದ್ರಣವನ್ನು ಇಬ್ಬರೂ ಕೇಳಿದೆವು. ಪ್ರಶ್ನೆ ಮುಗಿದು ಮಕ್ಕಳು ಉಸಿರೆಳೆಯುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳಿಬಿಟ್ಟಿದ್ದರು! ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಗುರುತಿಸಿದ್ದರು: ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡು, 3 ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ. ಇದನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು. (ಗೊತ್ತಿಲ್ಲ ಎಂದು ಹೇಳಿಕೊಳ್ಳಲು ಆಗ ಯಾರಿದ್ದರು?)

ಇಂದು ಸಂದೇಶ ಬಂದಿದೆ: "ಮನಸ್ಸಿನಲ್ಲೇ ಮೂರು ಎಣಿಸಿದೆ ಸರ್. ಹಿಂದಿನ ಸಾಲಿನ ಹುಡುಗ ಕೈ ಎತ್ತಿದ. ಉತ್ತರ ತಪ್ಪು. ಆದರೂ ಎಷ್ಟು ಜೋರಾಗಿ ಹೇಳಿದ!"