ಪರದೆಯ ಮೇಲಿನ ಬ್ಯಾಚ್, ಕೊಳವೆಯೊಳಗಿನ ಬ್ಯಾಚ್

ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ವಿಮಾನ ಇಂಧನ ಇವೆಲ್ಲವೂ ಒಂದೇ ಪೈಪ್‌ಲೈನಿನಲ್ಲಿ ಒಂದರ ಹಿಂದೊಂದು ಸಾಗುತ್ತವೆ, ಸಾಮಾನ್ಯವಾಗಿ ಅವುಗಳ ನಡುವೆ ಯಾವ ತಡೆಯೂ ಇರುವುದಿಲ್ಲ ಎಂದರೆ ಕೆಲಸಕ್ಕೆ ಹೊಸದಾಗಿ ಸೇರಿದವರು ಬೇಗ ನಂಬುವುದಿಲ್ಲ. ಹರಿವು ರಭಸವಾಗಿ, ಸುಳಿಗಳಿಂದ ಕೂಡಿ ಸಾಗುತ್ತಿದ್ದರೆ ಎರಡು ಇಂಧನಗಳು ಬೆರೆಯುವುದು ಅವು ಕೂಡುವ ಜಾಗದಲ್ಲಿ ಮಾತ್ರ. ಇಂಟರ್‌ಫೇಸ್ ಎಂದು ನಾವು ಕರೆಯುವ ಆ ಭಾಗ ಈಗ ಎಲ್ಲಿದೆ, ಮುಂದಿನ ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಹೇಳುವುದೇ ಕಂಟ್ರೋಲ್ ರೂಮಿನಲ್ಲಿ ನನ್ನ ಕೆಲಸ.

ಲೆಕ್ಕದ ತಳಹದಿ ಸರಳವಾಗಿದೆ. ಒಳವ್ಯಾಸ 40 ಸೆಂಟಿಮೀಟರ್ ಇರುವ ಕೊಳವೆಯ ಪ್ರತಿ ಕಿಲೋಮೀಟರಿನಲ್ಲಿ ಸುಮಾರು 126 ಕಿಲೋಲೀಟರ್ ಇಂಧನ ಹಿಡಿಯುತ್ತದೆ. ಗಂಟೆಗೆ 500 ಕಿಲೋಲೀಟರ್ ತಳ್ಳಿದರೆ ಬ್ಯಾಚ್ (ಒಂದು ಸಲಕ್ಕೆ ಕಳುಹಿಸುವ ಒಂದೇ ಇಂಧನದ ಕಂತು) ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಸಾಗಿ, 300 ಕಿಲೋಮೀಟರ್ ದೂರವನ್ನು ಮೂರು ದಿನಗಳ ಮೇಲೆ ಸ್ವಲ್ಪ ಹೊತ್ತಿನಲ್ಲಿ ಮುಟ್ಟುತ್ತದೆ. ಬೆರಕೆಯ ಉದ್ದ ದೂರದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುವುದರಿಂದ ದೂರ ನಾಲ್ಕರಷ್ಟಾದರೂ ಬೆರಕೆ ಎರಡರಷ್ಟೇ ಆಗುತ್ತದೆ, ಮತ್ತು ಇಂಥ ಕೊಳವೆಯ ತುದಿಯಲ್ಲಿ ಅದು ಸುಮಾರು ಒಂದು ಕಿಲೋಮೀಟರಿನಷ್ಟಿರುತ್ತದೆ. ಎಂದರೆ ಅದು ಸ್ಟೇಷನ್ನಿನ ಮುಂದೆ ಹಾದುಹೋಗುವುದು ಕಾಲು ಗಂಟೆಯ ಮಾತು. ವಾಲ್ವನ್ನು ಪೆಟ್ರೋಲ್ ಟ್ಯಾಂಕಿನಿಂದ ಬೆರಕೆಯ ಟ್ಯಾಂಕಿಗೂ ಅಲ್ಲಿಂದ ಡೀಸೆಲ್ ಟ್ಯಾಂಕಿಗೂ ತಿರುಗಿಸುವುದು ಆ ಕಾಲು ಗಂಟೆಯೊಳಗೇ ಆಗಬೇಕು. ಡೀಸೆಲ್‌ಗೆ ಸ್ವಲ್ಪ ಪೆಟ್ರೋಲ್ ಸೇರಿದರೂ ಅದರ ಫ್ಲ್ಯಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತಬಲ್ಲ ಕನಿಷ್ಠ ಉಷ್ಣತೆ) ಕುಸಿಯುತ್ತದೆ, ಪೆಟ್ರೋಲಿಗೆ ಡೀಸೆಲ್ ಸೇರಿದರೆ ಅದರ ಕೊನೆಯ ಕುದಿಬಿಂದು (ಪೂರ್ತಿ ಆವಿಯಾಗುವ ಉಷ್ಣತೆ) ಏರುತ್ತದೆ. ಎರಡೂ ಮಾರಾಟಕ್ಕೆ ಯೋಗ್ಯವಾಗಿ ಉಳಿಯುವುದಿಲ್ಲ.

ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳಾಗಿ ಕಾಣುವ ಬ್ಯಾಚ್‌ಗಳು ಒಂದು ಅಂದಾಜು ಎಂಬುದನ್ನು ನಾನು ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಲಿತಿದ್ದೇನೆ. ಪೆಟ್ರೋಲಿನ ಗಾತ್ರ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.12ರಷ್ಟು ಬದಲಾಗುತ್ತದೆ. ಬಿಸಿ ಟ್ಯಾಂಕಿನಿಂದ ಹೊರಟ 20,000 ಕಿಲೋಲೀಟರ್ ಪೆಟ್ರೋಲ್ ನೆಲದಡಿಯ ಕೊಳವೆಯಲ್ಲಿ ಹತ್ತು ಡಿಗ್ರಿ ತಣ್ಣಗಾದರೆ 240 ಕಿಲೋಲೀಟರ್ ಕಡಿಮೆಯಾಗುತ್ತದೆ, ಮತ್ತು ಉಷ್ಣತೆಯ ತಿದ್ದುಪಡಿ ಮಾಡದ ಲೆಕ್ಕ ಆ ಒಂದು ಬ್ಯಾಚಿನಲ್ಲೇ ಅರ್ಧ ಗಂಟೆ ತಪ್ಪುತ್ತದೆ. ಇದರ ಮೇಲೆ ಮೀಟರಿನ ವ್ಯತ್ಯಾಸ, ಒತ್ತಡದ ಪರಿಣಾಮ, ಬೆಟ್ಟದ ಇಳಿಜಾರಿನಲ್ಲಿ ಕೊಳವೆ ಪೂರ್ತಿ ತುಂಬದೆ ಹರಿಯುವುದು, ಹೀಗೆ ಎಲ್ಲವೂ ಸೇರಿಕೊಳ್ಳುತ್ತವೆ.

ನಿಜ ಸ್ಥಿತಿಯನ್ನು ಹೇಳುವುದು ಇಂಧನದ ಸಾಂದ್ರತೆಯನ್ನು ಘನ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ತೋರಿಸುವ ಡೆನ್ಸಿಟಿ ಮೀಟರ್. ಪೆಟ್ರೋಲ್ ಸಾಗುವಾಗ ಗಂಟೆಗಟ್ಟಲೆ 740ರಲ್ಲಿ ನಿಂತಿದ್ದ ಅಂಕಿ ಮೊದಲು 741, 743 ಎಂದು ಅಲುಗಾಡುತ್ತದೆ, ಬಳಿಕ ನೋಡನೋಡುತ್ತಿದ್ದಂತೆ 790 ದಾಟುತ್ತದೆ, ಕೊನೆಗೆ ನಿಧಾನವಾಗಿ 829, 830 ಎಂದು ಡೀಸೆಲ್‌ನ ಸಾಂದ್ರತೆಯಲ್ಲಿ ನೆಲೆಗೊಳ್ಳುತ್ತದೆ. ಈ ಅಂಕಿ ಅಲುಗಿದ ಹೊತ್ತಿಗೂ ಪರದೆ ಹೇಳಿದ್ದ ಹೊತ್ತಿಗೂ ಇರುವ ಅಂತರವನ್ನು ಪ್ರತಿ ಸ್ಟೇಷನ್ನಿನಲ್ಲೂ ಬರೆದಿಡಬೇಕು. ಇಂಟರ್‌ಫೇಸ್ ಕಂಡ ಕೂಡಲೇ ಲೆಕ್ಕವನ್ನು ಅಲ್ಲಿಗೆ ಹೊಂದಿಸುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಅಂತರ ಏಕೆ ಬಂತೆಂದು ನೋಡದೆ ಹೊಂದಿಸಿದರೆ ಕೊಳವೆ ಹೇಳುತ್ತಿದ್ದ ಸುದ್ದಿಯನ್ನು ಅಳಿಸಿಹಾಕಿದಂತಾಗುತ್ತದೆ.

ಒಮ್ಮೆ ನಮ್ಮ ಪಾಳಿಯಲ್ಲಿ ಒಂದು ಸ್ಟೇಷನ್ನಿಗೆ ಸರಿಯಾದ ಹೊತ್ತಿಗೆ ಬಂದಿದ್ದ ಡೀಸೆಲ್‌ನ ತಲೆ ಅದರ ಮುಂದಿನ ಸ್ಟೇಷನ್ನಿಗೆ ತಡವಾಗಿ ಬಂತು. ಉಷ್ಣತೆಯೇ ಕಾರಣವಿರಬೇಕೆಂದು ಹಲವರು ಹೇಳಿದರು. ನನ್ನ ಜೊತೆಗಿದ್ದ ಹಿರಿಯರೊಬ್ಬರು ಒಪ್ಪಲಿಲ್ಲ. ಉಷ್ಣತೆಯಿಂದಾಗಿದ್ದರೆ ಹಿಂದಿನ ಸ್ಟೇಷನ್ನಿನಲ್ಲೂ ಅದರ ಕುರುಹು ಕಾಣಬೇಕಿತ್ತಲ್ಲವೇ ಎಂದು ಕೇಳಿ, ಅಲ್ಲಿಗೆ ಫೋನ್ ಮಾಡಿ ಟ್ಯಾಂಕಿನ ಮಟ್ಟವನ್ನು ಕೈಯಿಂದ ಅಳೆಯಲು ಹೇಳಿದರು. ಮಟ್ಟ ಏರಿತ್ತು. ಮುಚ್ಚಿದೆ ಎಂದು ಪರದೆ ತೋರಿಸುತ್ತಿದ್ದ ಒಂದು ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ, ಮತ್ತು ಅದರಿಂದ ಜಾರುತ್ತಿದ್ದ ಹರಿವು ಅಲ್ಲಿನ ಮೀಟರ್ ಎಣಿಸಲಾಗದಷ್ಟು ಸಣ್ಣದಾಗಿತ್ತು. ಅಂದಿನಿಂದ ನಮ್ಮ ಲಾಗ್‌ನಲ್ಲಿ ಅಂತರದ ಪಕ್ಕದಲ್ಲೇ ಕಾರಣವನ್ನೂ ಬರೆಯುತ್ತೇವೆ, ಕಾರಣ ಸಿಗದಿದ್ದರೆ ಹಾಗೆಂದೇ ಬರೆದು ಮುಂದಿನ ಪಾಳಿಗೆ ಬಾಯಿಮಾತಿನಲ್ಲೂ ತಿಳಿಸುತ್ತೇವೆ.

ಡೆನ್ಸಿಟಿ ಮೀಟರಿಗೂ ಕಾಣದ ಸಂಗತಿಯೊಂದಿದೆ, ಅದು ಗಂಧಕ. ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಭಾಗ) ಮೀರಬಾರದೆಂಬ ನಿಯಮ ಇರುವ ಕಡೆಗಳಲ್ಲೂ ವಿಮಾನ ಇಂಧನದಲ್ಲಿ ಅದು 3,000 ಪಿಪಿಎಂವರೆಗೆ ಇರಬಹುದು. 1,000 ಪಿಪಿಎಂ ಗಂಧಕವಿರುವ ವಿಮಾನ ಇಂಧನ ಡೀಸೆಲ್‌ನಲ್ಲಿ ಶೇಕಡಾ ಒಂದರಷ್ಟು ಉಳಿದರೂ ಗಂಧಕ 10 ಪಿಪಿಎಂನಷ್ಟು ಏರುತ್ತದೆ, ಸಾಂದ್ರತೆ ಮಾತ್ರ 0.3ರಷ್ಟು ಕದಲಿರುತ್ತದೆ. ಕವಲು ಕೊಳವೆಗಳಲ್ಲಿ, ನಿಂತ ಪಂಪುಗಳಲ್ಲಿ ಉಳಿದ ಹಳೆಯ ಇಂಧನ ಮೆಲ್ಲಗೆ ಹೊರಬಂದು ಬೆರಕೆಯ ಈ ಕೊನೆಯ ತೆಳುಭಾಗವನ್ನು ಇನ್ನೂ ಉದ್ದ ಮಾಡುತ್ತದೆ. ಆದ್ದರಿಂದ ವಿಮಾನ ಇಂಧನದ ಹಿಂದೆ ಡೀಸೆಲ್ ಬರುವಾಗ ಸಾಂದ್ರತೆ ನೆಲೆಗೊಂಡ ಮೇಲೂ ನಾವು ಮಾದರಿ ತೆಗೆಯುತ್ತಲೇ ಇರುತ್ತೇವೆ, ಮತ್ತು ಗಂಧಕದ ಫಲಿತಾಂಶ ಕೈಸೇರುವವರೆಗೆ ಆ ಡೀಸೆಲ್ಲನ್ನು ಮಾರಾಟದ ಟ್ಯಾಂಕಿಗೆ ತಿರುಗಿಸುವುದಿಲ್ಲ.