ಟಿಬಿ ಮಾತ್ರೆ ನಿಂತ ಹನ್ನೆರಡನೇ ದಿನ

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೆಂಡತಿಯ ಭುಜ ಹಿಡಿದುಕೊಂಡು ನಮ್ಮ ಆಸ್ಪತ್ರೆಗೆ ಬಂದ ಆ ರೈತರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೈ ಗಡಗಡ. "ಮತ್ತೆ ಟಿಬಿನೇ ಬಂತೇನೋ ಸಾರ್, ಮಾತ್ರೆ ಮುಗಿದು ಹನ್ನೆರಡೇ ದಿನ ಆಗಿರೋದು" ಎಂದು ಆಕೆಗೆ ಗಾಬರಿ. ಬೆರಳು ಚುಚ್ಚಿ ನೋಡಿದರೆ ಶುಗರ್ 54ಕ್ಕೆ ಕುಸಿದಿತ್ತು. ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಚುಚ್ಚಿದಾಗ 82ಕ್ಕೆ ಬಂತು.

ಮೇಜಿನ ಮೇಲೆ ಅವರ ಎರಡು ಕಾರ್ಡು: ಒಂದು ಟಿಬಿಯದು, ಇನ್ನೊಂದು ಬಿಪಿ-ಶುಗರಿನದು. ಪಕ್ಕಪಕ್ಕ ಇಟ್ಟು ಓದಿದರೆ ಕಥೆ ತಾನಾಗಿ ಬಿಚ್ಚಿಕೊಂಡಿತು.

ಆರು ತಿಂಗಳ ಹಿಂದೆ ತೂಕ 42 ಕೆ.ಜಿ., ಶುಗರ್ 346. ಎಕ್ಸ್‌ರೇಯಲ್ಲಿ ಕಲೆ ಇದ್ದದ್ದು ಶ್ವಾಸಕೋಶದ ಕೆಳಭಾಗದಲ್ಲಿ. ಸಕ್ಕರೆ ಕಾಯಿಲೆಯವರಿಗೆ ಟಿಬಿ ತಗಲುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಆದರೆ ಅವರಲ್ಲಿ ಕಲೆ ಹೀಗೆ ಕೆಳಗೆ ಕಾಣುವುದು ಜಾಸ್ತಿಯಾದ್ದರಿಂದ ನ್ಯುಮೋನಿಯಾ ಎಂದುಕೊಂಡು ಆಂಟಿಬಯಾಟಿಕ್ ಕೊಡುತ್ತಾ ವಾರಗಳೇ ಕಳೆದುಹೋಗುತ್ತವೆ. ಇವರ ಕಫವನ್ನು ಟಿಬಿ ರೋಗಾಣು ಪತ್ತೆಹಚ್ಚುವ ಟ್ರೂನ್ಯಾಟ್ ಪರೀಕ್ಷೆಗೆ ಹಾಕಿದ ಮೇಲೇ ಟಿಬಿ ಗೊತ್ತಾದದ್ದು.

ಸೋಂಕಿನ ಜೊತೆ ಸೆಣಸುವ ಮೈಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಏರಿ ಶುಗರ್ ತಾನೇ ಮೇಲೆ ಹೋಗುತ್ತದೆ. ಅದರ ಮೇಲೆ ರಿಫಾಂಪಿಸಿನ್, ಮೂತ್ರವನ್ನು ಕಿತ್ತಳೆ ಬಣ್ಣ ಮಾಡುವ ಟಿಬಿ ಮಾತ್ರೆ. ಅದು ಲಿವರಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಹಾಗಾಗಿ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಶುಗರ್ ಮಾತ್ರೆ ನುಂಗಿದರೂ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶುಗರಿನದೇ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ಮೂತ್ರಪಿಂಡದ ದಾರಿಯಲ್ಲಿ ಹೋಗುವುದರಿಂದ ಅದಕ್ಕೆ ಈ ಕಾಟವಿಲ್ಲ; ಇನ್ಸುಲಿನ್ನಿಗೂ ಇಲ್ಲ. ಅದಕ್ಕೇ ಅವರಿಗೆ ಮೊದಲ ತಿಂಗಳಲ್ಲಿ ಮೆಟ್‌ಫಾರ್ಮಿನ್ ಜೊತೆಗೆ ಬೆಳಿಗ್ಗೆ 16, ರಾತ್ರಿ 10 ಯೂನಿಟ್ ಇನ್ಸುಲಿನ್ ಹಾಕಿದ್ದರು.

ಎಡವಟ್ಟಾಗುವುದು ಬೆಳಗಿನ ಹೊತ್ತಿನಲ್ಲೇ. ಟಿಬಿ ಮಾತ್ರೆ ಖಾಲಿ ಹೊಟ್ಟೆಗೆ, ಇನ್ಸುಲಿನ್ ಊಟಕ್ಕೆ ಅಂಟಿಕೊಂಡು. ಎರಡನ್ನೂ ಒಟ್ಟಿಗೆ ಮುಗಿಸಿ, ಆಮೇಲೆ ವಾಕರಿಕೆ ಬಂದು ತಿಂಡಿ ಬಿಟ್ಟರೆ ಶುಗರ್ ಕುಸಿಯುತ್ತದೆ. ಇವರಿಗೆ ಆರು ಗಂಟೆಗೆ ಟಿಬಿಯ ಮೂರು ಮಾತ್ರೆ, ಏಳೂವರೆಗೆ ತಿಂಡಿ ಸಿದ್ಧವಾಗಿದೆ ಎಂದು ನೋಡಿಕೊಂಡು ಸೂಜಿ ಎಂದು ಹೇಳಿಕೊಟ್ಟಿದ್ದರು. ಟಿಬಿಯ ಇನ್ನೊಂದು ಔಷಧ ಐಸೋನಿಯಜಿಡ್‌ನಿಂದಲೂ ಪಾದ ಉರಿಯುತ್ತದೆ, ಶುಗರಿನಿಂದಲೂ ಉರಿಯುತ್ತದೆ. ಹಾಗಾಗಿ ದಿನಕ್ಕೊಂದು ಪಿರಿಡಾಕ್ಸಿನ್ (ವಿಟಮಿನ್ ಬಿ6) ಮಾತ್ರೆ ಕೂಡ ಇತ್ತು.

ಊಟದ ವಿಷಯದಲ್ಲಿ ಮನೆಯವರು ಹೆದರಿ ಎಲ್ಲ ಕಡಿಮೆ ಮಾಡಿದ್ದರು. ಟಿಬಿ ಇರುವವರನ್ನು ಉಪವಾಸ ಕೆಡವಿ ಶುಗರ್ ಇಳಿಸುವುದು ನಮಗಂತೂ ಸರಿಕಾಣುವುದಿಲ್ಲ. ಎರಡು ಮುದ್ದೆ ಒಂದಾಗಲಿ, ಅದರ ಬದಲು ಮೊಟ್ಟೆ, ಹುರುಳಿ, ಹೆಸರುಕಾಳು ಬರಲಿ. ಟಿಬಿ ರೋಗಿಗಳಿಗಿರುವ ಸರ್ಕಾರದ ನಿಕ್ಷಯ ಪೋಷಣ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬರುವುದೇ ಇದಕ್ಕೆ. ತೂಕ 51ಕ್ಕೆ ಏರಿತು, ಅದಕ್ಕೆ ತಕ್ಕಂತೆ ಟಿಬಿ ಮಾತ್ರೆ ಮೂರರಿಂದ ನಾಲ್ಕಾಯಿತು.

ಮೂರನೇ ತಿಂಗಳ ಹೊತ್ತಿಗೆ ಸೋಂಕು ತಗ್ಗಿ ಇನ್ಸುಲಿನ್ ನಿಂತಿತ್ತು. ಅದರ ಜಾಗದಲ್ಲಿ ಗ್ಲಿಮೆಪಿರೈಡ್ 1 ಮಿ.ಗ್ರಾಂ.ನಿಂದ 2, ಆಮೇಲೆ 4. ರಿಫಾಂಪಿಸಿನ್ ಎಳೆದು ಹಾಕುವಷ್ಟನ್ನು ತುಂಬಿಕೊಡಲು ಅಷ್ಟು ಬೇಕಾಗಿತ್ತು.

ಆರು ತಿಂಗಳಾಯಿತು. ಟಿಬಿ ಕಾರ್ಡಿನಲ್ಲಿ 'ಚಿಕಿತ್ಸೆ ಪೂರ್ಣ' ಎಂದು ಬರೆದರು. ಆದರೆ ಎರಡು ಕೋಣೆ ಆಚೆಗಿದ್ದ ಶುಗರ್ ಕಾರ್ಡಿನಲ್ಲಿ ಅದೇ 4 ಮಿ.ಗ್ರಾಂ. ಉಳಿಯಿತು. ರಿಫಾಂಪಿಸಿನ್ ನಿಂತ ಮೇಲೆ ಲಿವರಿನ ಕಿಣ್ವಗಳು ಹಳೆಯ ಮಟ್ಟಕ್ಕೆ ಇಳಿಯಲು ಸುಮಾರು ಎರಡು ವಾರ ಬೇಕು. ಮೊದಲ ನಾಲ್ಕೈದು ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ದಿನದಿನಕ್ಕೆ ಅದೇ ಮಾತ್ರೆ ಜೋರಾಗುತ್ತಾ ಹೋಗುತ್ತದೆ. ಆ ದಿನ ಬರೀ ಗಂಜಿ ಕುಡಿದು ಗದ್ದೆಗೆ ಹೋಗಿದ್ದರಂತೆ.

"82 ಆಯ್ತಲ್ಲ, ಹೋಗ್ತೀವಿ ಸಾರ್" ಎಂದರು. ಬಿಡಲಿಲ್ಲ. ಸಕ್ಕರೆ ನೀರಿನ ಬಲ ಗಂಟೆ ಹೊತ್ತು, ಗ್ಲಿಮೆಪಿರೈಡಿನ ಬಲ ದಿನವಿಡೀ. ಊಟ ಮಾಡಿಸಿದ್ದರೂ ಮಧ್ಯಾಹ್ನ ಮೂರಕ್ಕೆ ಮತ್ತೆ 61. ರಾತ್ರಿಯೆಲ್ಲಾ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಡ್ರಿಪ್ ಓಡಿತು, ಎರಡೆರಡು ಗಂಟೆಗೊಮ್ಮೆ ಬೆರಳು ಚುಚ್ಚಬೇಕಾಯಿತು.

ಮರುದಿನ ಗ್ಲಿಮೆಪಿರೈಡ್ ಪೂರಾ ನಿಲ್ಲಿಸಿ, ಮೆಟ್‌ಫಾರ್ಮಿನ್ ಒಂದನ್ನೇ ಉಳಿಸಿದರು. ವಾರ ಬಿಟ್ಟು ಖಾಲಿ ಹೊಟ್ಟೆಯ ಶುಗರ್ 148 ಬಂದ ಮೇಲೆ ಹಳೆಯ 1 ಮಿ.ಗ್ರಾಂ. ಮತ್ತೆ ಸೇರಿತು. ಶುಗರ್ ಕಾರ್ಡಿನ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಟಿಬಿ ಮಾತ್ರೆ ನಿಂತ ತಾರೀಖನ್ನೂ ಬರೆದರು.