ಒಂದು ಬದಿ ಖಾಲಿ ಇರುವ ಹಾಳೆ

ಕೊಪ್ಪಳ ಜಿಲ್ಲೆಯಲ್ಲಿ ಅಂಗವಿಕಲರ ನಡುವೆ ಕೆಲಸ ಮಾಡುವ ಸಣ್ಣದೊಂದು ಸಂಸ್ಥೆಯಲ್ಲಿ 17 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಒಂದು ಬದಿ ಖಾಲಿ ಇರುವ ಹಾಳೆಯನ್ನು ಎಸೆಯಬಾರದು ಎಂಬ ನಿಯಮ ಅಲ್ಲಿ ನನ್ನದೇ. ದಾನದ ದುಡ್ಡು, ಕಾಗದವೂ ದಾನದ್ದೇ ಎಂದು ಎಲ್ಲರಿಗೂ ಗದರಿಸುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಒಬ್ಬ ಹುಡುಗ ಸೈಬರ್ ಸುರಕ್ಷತೆಯ ತರಬೇತಿ ಕೊಡಲು ಬಂದ. ಪರದೆಯ ಮೇಲೆ ಮುಖ ಮುಚ್ಚಿಕೊಂಡ ಹ್ಯಾಕರ್‌ಗಳ ಚಿತ್ರ, ಬೀಗದ ಚಿತ್ರ. ನಮ್ಮ ಕ್ಷೇತ್ರ ಕಾರ್ಯಕರ್ತೆಯರು ಹರಿಕಥೆಗೆ ಕುಳಿತಂತೆ ಕುಳಿತಿದ್ದರು. ಅಷ್ಟರಲ್ಲಿ ಒಬ್ಬಳು ಮೊಬೈಲ್ ಮುಂದೆ ಹಿಡಿದು, 'ಸರ್, ಸಂಘದ ಗ್ರೂಪಿನಲ್ಲಿ ಮದುವೆಯ ಕರೆಯೋಲೆ ಬಂದಿದೆ, ತೆರೆಯುತ್ತಿಲ್ಲ' ಎಂದಳು. ಅವನು ಕಡತದ ಹೆಸರಿನ ಬಾಲ ನೋಡಿದ: ಎಪಿಕೆ. ಕರೆಯೋಲೆ ಚಿತ್ರವಾಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ. ಎಪಿಕೆ ಎಂದರೆ ಫೋನಿನೊಳಗೆ ಬಂದು ಮನೆ ಮಾಡುವ ಆ್ಯಪ್, ಒಪ್ಪಿಗೆ ಕೊಟ್ಟರೆ ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಯನ್ನೂ ಓದುತ್ತದೆ ಎಂದ. ಹ್ಯಾಕರ್ ಚಿತ್ರಗಳನ್ನು ಅಲ್ಲಿಗೇ ನಿಲ್ಲಿಸಿದ. ಉಳಿದ ಒಂದು ಗಂಟೆ ಎಲ್ಲರೂ ತಮ್ಮ ತಮ್ಮ ಫೋನ್ ತೆಗೆದು ತೋರಿಸಿದ್ದೇ ತೋರಿಸಿದ್ದು.

ಚಹಾ ಹೊತ್ತಿಗೆ ಮಂಡಕ್ಕಿ, ಮಿರ್ಚಿ ಬಂತು. ತಟ್ಟೆ ಸಾಲದೆ ನನ್ನ ಉಳಿತಾಯದ ಕಟ್ಟಿನಿಂದಲೇ ಹಾಳೆ ಎಳೆದು ಹಾಕಿದರು. ತಿಂದು ಮುಗಿಸಿದ ಹುಡುಗ ಹಾಳೆಯನ್ನು ಮಗುಚಿ, ಏನೂ ಹೇಳದೆ ನನ್ನ ಮುಂದಿಟ್ಟ. ಮಾಸಾಶನಕ್ಕೆ ಅರ್ಜಿ ಹಾಕಿದ್ದ ಅಜ್ಜಿಯೊಬ್ಬಳ ಆಧಾರ್ ಪ್ರತಿ. ಹನ್ನೆರಡೂ ಅಂಕಿ ಸ್ಪಷ್ಟ, ಮುಖದ ಮೇಲೆ ಎಣ್ಣೆ.

'ನಮ್ಮಲ್ಲಿ ಕದಿಯಲು ಏನಿದೆ?' ಎಂದು ಬೆಳಿಗ್ಗೆ ಅವನನ್ನು ಕೇಳಿದವಳು ನಾನೇ. ಎಣಿಸಿ ನೋಡಿದರೆ ನಮ್ಮ ಬೀರುವಿನಲ್ಲಿ ಅಂಗವೈಕಲ್ಯ ಪ್ರಮಾಣಪತ್ರ, ಪಾಸ್‌ಬುಕ್ ಪ್ರತಿ, ಮಕ್ಕಳ ವೈದ್ಯಕೀಯ ವರದಿ ಎಲ್ಲವೂ ಇದೆ. ಯಾರು ಎಷ್ಟು ದಾನ ಕೊಟ್ಟರೆಂದು ಆದಾಯ ತೆರಿಗೆ ಇಲಾಖೆಗೆ ಮೇ 31ರೊಳಗೆ ಸಲ್ಲಿಸಬೇಕಾದ 10ಬಿಡಿ ನಮೂನೆಗಾಗಿ ದಾನಿಗಳ ಪ್ಯಾನ್ ಸಂಖ್ಯೆಗಳನ್ನೆಲ್ಲ ಒಂದೇ ಎಕ್ಸೆಲ್ ಹಾಳೆಯಲ್ಲಿ ಕೂಡಿಟ್ಟಿದ್ದೇನೆ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಸರ್ವರ್‌ಗಳಿಗೇ ಕನ್ನ ಬಿದ್ದದ್ದು 2022ರ ಜನವರಿಯಲ್ಲಿ ಗೊತ್ತಾಯಿತಂತೆ; ಯುದ್ಧದಲ್ಲಿ, ವಲಸೆಯಲ್ಲಿ ಮನೆಯವರಿಂದ ಅಗಲಿದವರೂ ಸೇರಿ 5,15,000ಕ್ಕೂ ಹೆಚ್ಚು ಜನರ ವಿವರ ಅದರಲ್ಲಿತ್ತು. ಅಲ್ಲಿದ್ದದ್ದೂ ಹಣವಲ್ಲ, ಹೆಸರುಗಳು.

ಆ ಸಂಜೆ ನನ್ನ ಜಾಣತನದ ಉಳಿದ ನಮೂನೆಗಳೂ ಒಂದೊಂದಾಗಿ ಹೊರಬಂದವು. ಇಡೀ ಕಚೇರಿಗೆ ಒಂದೇ ಪಾಸ್‌ವರ್ಡ್: ಸಂಸ್ಥೆಯ ಹೆಸರು, ಜೊತೆಗೆ ನೋಂದಣಿಯ ವರ್ಷ. ಎರಡೂ ಬಾಗಿಲ ಮೇಲಿನ ಫಲಕದಲ್ಲಿಯೇ ಇವೆ! ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿ ಇನ್ನೊಬ್ಬರು ಅನುಮೋದಿಸುವ ವ್ಯವಸ್ಥೆ ನಮಗೂ ಇತ್ತು. ಆದರೆ ಅನುಮೋದಿಸಬೇಕಾದ ಖಜಾಂಚಿಯವರು ಇರುವುದು ಹೊಸಪೇಟೆಯಲ್ಲಿ. ಅವರಿಗೇಕೆ ತೊಂದರೆ ಎಂದು ಅವರ ಹೆಸರಿನ ಸಿಮ್ ಇದ್ದ ಫೋನನ್ನೂ ನನ್ನ ಮೇಜಿನ ಖಾನೆಯಲ್ಲಿಯೇ ಇಟ್ಟುಕೊಂಡಿದ್ದೆ. ಎರಡು ಬೀಗ, ಒಂದೇ ಗೊಂಚಲು.

ಫೋನು ಈಗ ಹೊಸಪೇಟೆಗೆ ಹೋಗಿದೆ. ಪ್ರತಿ ಪಾವತಿಗೂ ಕರೆ ಮಾಡಿದಾಗ ಖಜಾಂಚಿಯವರು ಗೊಣಗುತ್ತಾರೆ, ಗೊಣಗಲಿ. ಕ್ಯಾಲೆಂಡರ್ ಪಕ್ಕದಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930 ಎಂದು ದಪ್ಪಗೆ ಬರೆದು ಅಂಟಿಸಿದ್ದೇವೆ. ಹಣ ಹೋದರೆ ಮೊದಲು ಅಲ್ಲಿಗೆ ಕರೆ, ಬೈಗುಳ ಆಮೇಲೆ. ಹೊಸ ಅರ್ಜಿಗಳಿಗೆ, ಸಾಧ್ಯವಿರುವಲ್ಲೆಲ್ಲ, ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿಯನ್ನೇ ಕೇಳುತ್ತೇವೆ.

ಕಾಗದ ಕತ್ತರಿಸುವ ಯಂತ್ರಕ್ಕೆ ಕಾರ್ಯದರ್ಶಿಯವರು ದುಡ್ಡಿಲ್ಲ ಎಂದರು. ನಮ್ಮ ಕಚೇರಿ ಹಳೆಯ ಬಾಡಿಗೆ ಮನೆ, ಬಚ್ಚಲಿನಲ್ಲಿ ಹಂಡೆಯ ಒಲೆ ಇನ್ನೂ ಇದೆ. ಶನಿವಾರ ಮಧ್ಯಾಹ್ನ ನಾನೇ ಕುಳಿತು ಕಟ್ಟು ಬಿಚ್ಚಿ ಒಂದೊಂದೇ ಹಾಳೆ ಹಾಕುತ್ತೇನೆ. ಒಂದು ಬದಿಯಲ್ಲಿ ನನ್ನ ಕೂಡಿಸು-ಕಳೆ, ಇನ್ನೊಂದು ಬದಿಯಲ್ಲಿ ಯಾರದೋ ಮುಖ. ಚೀಟಿ ಬರೆಯಲು ಈಗ ಹೊಸ ಹಾಳೆಯನ್ನೇ ಕೊಳ್ಳುತ್ತೇವೆ. ಅದರ ಬಿಲ್ಲನ್ನು ಪುಸ್ತಕಕ್ಕೆ ಏರಿಸುವಾಗ ಮಾತ್ರ ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.